ಅಳಿಸಿಹೋದ ಮದುವೆ

ಗಂಡ ತೀರಿಕೊಂಡ ಮೇಲೆ ಸ್ಟುಡಿಯೋ ಖಾಲಿ ಮಾಡುವ ಕೆಲಸ ಅವಳ ಹೆಗಲಿಗೇ ಬಿತ್ತು. ಮದುವೆಯ ವಿಡಿಯೋ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಬೇಡದ್ದನ್ನು ಬಿಸಾಡುವುದಕ್ಕೆ ಮಾತ್ರ ಆ ಕೈ ಏಳುತ್ತಿರಲಿಲ್ಲ. ಮೇಜಿನ ಖಾನೆ ಎಳೆದರೆ ಪೆನ್‌ಡ್ರೈವ್‌ಗಳ ರಾಶಿ: ಚೀಟಿ ಅಂಟಿಸಿದ್ದು, ಮುಚ್ಚಳ ಕಳೆದದ್ದು, ಯಾರೂ ಒಯ್ಯದೆ ಉಳಿದದ್ದು.

ಎಸೆಯಲು ಅವಳಿಗೂ ಮನಸ್ಸು ಬರಲಿಲ್ಲ. ಒಂದೊಂದನ್ನೇ ಅಳಿಸಿ, ಬೇಕಾದವರಿಗೆ ಬೇಕಾದ್ದನ್ನು ತುಂಬಿ ಕೊಡತೊಡಗಿದಳು. ಪಕ್ಕದ ಮನೆಯ ಟೀಚರಮ್ಮ ಪಾಠದ ಚಿತ್ರಗಳಿಗೆಂದು ಒಂದನ್ನು ಒಯ್ದರು. ಬಸ್ಸಿನ ಡ್ರೈವರಿಗೆ ಹಳೆಯ ಹಾಡು ತುಂಬಿಕೊಟ್ಟಳು. ಅಕ್ಕನ ಮನೆಯ ಕಾಗದಪತ್ರಗಳ ನಕಲು ಇನ್ನೊಂದಕ್ಕೆ ಹೋಯಿತು. ಕಣ್ಣು ಮಂಜಾದ ಅತ್ತೆಗೆ ತಾನೇ ಕಥೆಗಳನ್ನು ಓದಿ ರೆಕಾರ್ಡ್ ಮಾಡಿ, ಒಂದಕ್ಕೆ ತುಂಬಿಸಿ, ರೇಡಿಯೋಕ್ಕೆ ಸಿಕ್ಕಿಸಿಕೊಟ್ಟಳು.

"ಊರವರ ಮದುವೆಯನ್ನೆಲ್ಲ ಕೂಡಿಟ್ಟ ಮಹಾರಾಯ, ಹೆತ್ತವಳಿಗೊಂದು ಹಾಡು ಹಾಕಿಕೊಡಲಿಲ್ಲ ನೋಡೇ," ಎಂದು ಅತ್ತೆ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಒಂದು ಮಧ್ಯಾಹ್ನ ಗಡಿಯಾರ ರಿಪೇರಿಯ ಮುದುಕರು ಬಾಗಿಲಲ್ಲಿ ಬಂದು ನಿಂತರು. ಅದೇ ಬೀದಿಯ ತುದಿಯಲ್ಲಿ ಅವರ ಅಂಗಡಿ. ಮಗಳು ತನ್ನ ಮಾತು ಮೀರಿ ಮದುವೆಯಾದಳೆಂದು ಅವರು ಮದುವೆಗೆ ಕಾಲಿಟ್ಟಿರಲಿಲ್ಲ. ಅಪ್ಪ ಯಾವತ್ತಾದರೂ ಬಂದೇ ಬರ್ತಾರೆ ಎಂದು ಮಗಳು ಅವರಿಗಾಗಿ ಒಂದು ಪ್ರತಿಯನ್ನು ಸ್ಟುಡಿಯೋದಲ್ಲಿ ಬಿಟ್ಟು, ಹೇಳಿಯೂ ಕಳಿಸಿದ್ದಳು. ಮುದುಕರು ದಿನಾ ಅದೇ ಬಾಗಿಲ ಮುಂದೆ ಹಾದುಹೋದರು, ಒಳಗೆ ಬರಲಿಲ್ಲ. ಹೋದ ತಿಂಗಳು ಮಗಳಿಗೆ ಬಂದ ಜ್ವರ ತಲೆಗೇರಿ, ಅವಳು ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಆ ಪ್ರತಿ ಕೊಡಿ ಎಂದು ಮುದುಕರು ಈಗ ಬಂದಿದ್ದರು.

ಸ್ಟುಡಿಯೋದವಳು ಖಾನೆಯನ್ನು ಮಗುಚಿ ಹುಡುಕಿದಳು. ಹುಡುಕುತ್ತಲೇ ನೆನಪಾಯಿತು. 'ಅಪ್ಪನಿಗೆ' ಎಂದು ಗಂಡನ ಕೈಬರಹದ ಚೀಟಿಯಿದ್ದ ಒಂದಿತ್ತು. ತೀರಿಹೋದ ಮಾವನಿಗೆಂದು ಮಾಡಿದ್ದಿರಬೇಕು ಅಂದುಕೊಂಡು ಅವಳೇ ಚೀಟಿ ಕಿತ್ತಿದ್ದಳು. ಅದರಲ್ಲೀಗ ಅತ್ತೆಯ ಕಥೆಗಳಿದ್ದವು. ಕಂಪ್ಯೂಟರ್ ರಿಪೇರಿಯವನ ಹತ್ತಿರ ಓಡಿದಳು. ಮೇಲೆ ಬೇರೆಯದು ತುಂಬಿಯಾಗಿದೆ, ಇನ್ನು ಬರಲ್ಲ ಎಂದು ಅವನು ಕೈಚೆಲ್ಲಿದ.

ವಾಪಸು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುದುಕರು ಬೈಯಲಿಲ್ಲ.

"ನೀವು ಅಳಿಸಿದ್ದು ಮೊನ್ನೆ ಕಣಮ್ಮಾ," ಅಂದರು. "ನಾನು ಆವತ್ತೇ ಅಳಿಸಿಬಿಟ್ಟಿದ್ದೆ."

ಅಳಿಯನ ಹತ್ತಿರ ಇನ್ನೊಂದು ಪ್ರತಿ ಇದ್ದೇ ಇರುತ್ತದೆ ಎಂದಳು ಅವಳು. ಮುದುಕರು ತಲೆ ತಗ್ಗಿಸಿದರು. ಮಗಳ ಮಣ್ಣಿಗೂ ಅವರು ಗೇಟಿನಾಚೆಯೇ ನಿಂತು ಬಂದಿದ್ದರು. ಯಾವ ಮುಖ ಹೊತ್ತು ಆ ಮನೆಗೆ ಹೋಗಲಿ ಎಂದು ಗೊಣಗಿದರು. ಅವಳು ಸ್ಟುಡಿಯೋಕ್ಕೆ ಬೀಗ ಹಾಕಿ, ನಡೀರಿ, ನಾನೂ ಬರ್ತೀನಿ ಎಂದು ಹೊರಟೇಬಿಟ್ಟಳು.

ಬಾಗಿಲು ತೆಗೆದ ಅಳಿಯ ಗಡ್ಡ ಬಿಟ್ಟಿದ್ದ. ಮುದುಕರನ್ನು ನೋಡಿದ.

"ಈಗ ಬಂದ್ರಾ?" ಅಂದ. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ವಿಡಿಯೋ ಹಾಕಿಕೊಟ್ಟು ತಾನು ಅಡಿಗೆಮನೆಗೆ ಹೋದ.

ಟಿವಿಯಲ್ಲಿ ಮಗಳು ನಗುತ್ತ ನೆಂಟರನ್ನು ಮಾತಾಡಿಸುತ್ತಿದ್ದಳು. ಆ ದಿನ ವಿಡಿಯೋ ತೆಗೆಯುತ್ತಿದ್ದ ಗಂಡನ ಪಕ್ಕ ಲೈಟು ಹಿಡಿದು ನಿಂತಿದ್ದ ಸ್ಟುಡಿಯೋದವಳಿಗೆ ಮುಂದೇನು ಬರುತ್ತದೆಂದು ಗೊತ್ತಿತ್ತು. ಬಾಗಿಲ ಸದ್ದಾದಾಗಲೆಲ್ಲ ಮದುಮಗಳು ಮಾತು ನಿಲ್ಲಿಸಿ ಆ ಕಡೆ ತಿರುಗುತ್ತಿದ್ದಳು. ಯಾರೋ ಬರುತ್ತಿದ್ದರು, ಅವಳು ಮತ್ತೆ ನಗುತ್ತಿದ್ದಳು. ಕಾದದ್ದು ಯಾರಿಗೆಂದು ಮುದುಕರಿಗೂ ತಿಳಿಯಿತು. ಬಾಯಿಗೆ ಟವೆಲು ಒತ್ತಿಕೊಂಡು ಕೊನೆಯವರೆಗೂ ನೋಡಿದರು.

ಒಂದು ಪ್ರತಿ ಮಾಡಿಸಿಕೊಡುತ್ತೇನೆಂದು ಅವಳು ಹೇಳಿದಾಗ ಮುದುಕರು ಬೇಡವೆಂದರು. ಅಡಿಗೆಮನೆಯ ಬಾಗಿಲ ಕಡೆ ತಿರುಗಿ, "ನೋಡಬೇಕು ಅನಿಸಿದಾಗ ಇಲ್ಲಿಗೇ ಬರಲಾ?" ಎಂದು ಕೇಳಿದರು.

ಅಳಿಯ ಒಂದು ಲೋಟ ನೀರು ತಂದು ಅವರ ಕೈಗೆ ಕೊಟ್ಟು, ಕುರ್ಚಿ ಎಳೆದು ಎದುರಿಗೆ ಕೂತ.