ಬಂಗಾರಿಯ ಹೊಟ್ಟೆ

"ಇದರ ಹೊಟ್ಯಾಗ ಅಸಲಿಗೆ ಏನೈತಿ?"

ಹಂಪಣ್ಣ ಕೇಳಿದ್ದು ಯಾರನ್ನೂ ಅಲ್ಲ. ಸೋಮವಾರದ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಒಣಗದಿರುವಾಗಲೇ ಕಟ್ಟೆಯ ಮೇಲೆ ಬಂದು ಕೂತಿದ್ದ. ಕೆಳಗೆ ಬಂಗಾರಿ ಒಂದು ಮಗ್ಗುಲಾಗಿ ಬಿದ್ದು ತೇಕುತ್ತಿತ್ತು. ಒಂದು ಕಾಲಕ್ಕೆ ಮಕ್ತಲ್‌ನ ನೇಕಾರರ ಓಣಿಯ ಗೋಡೆಗಳನ್ನೆಲ್ಲ ಹಾರಿದ ನಾಯಿ. ಈಗ ಅದಕ್ಕೆ ಕಟ್ಟೆಯ ಮೆಟ್ಟಿಲೇ ಗುಡ್ಡವಾಗಿತ್ತು. ಹಣೆಯ ಮೇಲೆ ಯಾರೋ ಹಚ್ಚಿದ ಅರಿಷಿಣ ಮಾತ್ರ ಹೊಳೆಯುತ್ತಿತ್ತು. ಹೆಂಡತಿಯ ಕೆಲಸವಿರಬೇಕೆಂದು ಹಂಪಣ್ಣ ಅಂದುಕೊಂಡಿದ್ದ.

"ಬಸುರಿ ಮುಂದ ಕುಂತು ಹೀಂಗ ಕೇಳ್ತಾರೇನ್ರೀ?" ಎಂದಳು ಒಳಗಿನಿಂದ ಬಸವೇಶ್ವರಿ.

"ಬಸುರಿ ಅಂತ ನೀ ಹೇಳ್ತಿ. ನಮ್ಮ ಅಂಗಡಿ ಹಮಾಲರು ಹೊಟ್ಯಾಗ ನೀರು ತುಂಬೈತಿ ಅಂತಾರ. ಇಂಜೆಕ್ಷನ್ ಮಾಡಾಕ ಬಂದವ ಇದ್ರ ಇರಬಹುದು, ಇಲ್ಲಂದ್ರ ಇಲ್ಲ ಅಂದು ಹೋದ. ನಾ ಯಾರ ಮಾತು ಹಿಡೀಲಿ?"

"ಮೊಲಿಯಾಗ ಹಾಲು ಬಂದೈತಿ. ಚಿಂದಿ ಎಳಕೊಂಡು ಹೋಗಿ ಮೂಲ್ಯಾಗ ಹಾಸಿಗಿ ಮಾಡ್ಯಾಳ. ಇನ್ನೇನು ಬೇಕು?"

ನಾರಾಯಣಪೇಟೆಯ ನಾದಿನಿ ಗಂಗಾಂಬಿಕಾ ಕೆಂಪು ಮರಿ ತನಗೇ ಇರಲೆಂದು ಫೋನಿನಲ್ಲಿ ಆಗಲೇ ಹೇಳಿಬಿಟ್ಟಿದ್ದಳು. ಆದರೆ ಹೆರಿಗೆಯ ದಿನ ಎಂದೋ ದಾಟಿತ್ತು, ಬಂಗಾರಿಯ ಉಸಿರಾಟ ದಿನದಿನಕ್ಕೆ ಕಷ್ಟವಾಗುತ್ತಿತ್ತು. ಮರಿಗಳು ಒಳಗೇ ಸತ್ತಿದ್ದರೆ? ಆ ಮಾತನ್ನು ಗಂಡ ಹೆಂಡತಿ ಇಬ್ಬರೂ ಬಾಯಿಗೆ ತಂದಿರಲಿಲ್ಲ. ಅವತ್ತೇ ಆಟೋ ಮಾಡಿಕೊಂಡು, ಜೂರಾಲ ಡ್ಯಾಮು ದಾಟಿ, ಎಕ್ಸ್‌ರೇ ಇರುವ ಗದ್ವಾಲದ ಪಶು ದವಾಖಾನೆಗೆ ಹೊರಟರು.

ಡಾಕ್ಟರ್ ಹರಿತಾ ಚಿಕ್ಕ ವಯಸ್ಸಿನವಳು. ಬೀದರಿನಲ್ಲಿ ಓದಿದ್ದರಿಂದ ತೆಲುಗಿನ ಮನೆಯವಳಾದರೂ ಕನ್ನಡ ಬರುತ್ತಿತ್ತು. "ನಾಯಿ ಅಂಜ್ತದ ಅಂಕಲ್, ಮುಂಗಾಲು ನೀವೇ ಹಿಡೀರಿ" ಎಂದು ಹಂಪಣ್ಣನಿಗೆ ಸೀಸದ ಏಪ್ರನ್ ತೊಡಿಸಿದಳು. ತೊಗರಿ ಚೀಲವನ್ನು ಎದೆಗೆ ಕಟ್ಟಿಕೊಂಡಷ್ಟು ಭಾರ. ಅವನು ಬಂಗಾರಿಯ ಮೇಲೆ ಬಾಗಿ ಕಣ್ಣು ಮುಚ್ಚಿದ. ಯಂತ್ರ ಒಮ್ಮೆ ಚಿಟಿಕೆ ಹೊಡೆದಂತೆ ಸದ್ದು ಮಾಡಿತು.

ಪರದೆಯ ಮೇಲೆ ಬೆನ್ನೆಲುಬು ಬಂತು, ಪಕ್ಕೆಲುಬು ಬಂದವು. ನಡುಹೊಟ್ಟೆಯಲ್ಲಿ ಮೊಟ್ಟೆಯಂಥ ಒಂದು ಬೆಳ್ಳನೆಯ ಗುಂಡು ಹೊಳೆಯುತ್ತಿತ್ತು.

"ಮರೀ ತಲಿ" ಎಂದಳು ಬಸವೇಶ್ವರಿ, ಮೆಲ್ಲಗೆ.

ಹರಿತಾ ಹುಬ್ಬು ಗಂಟಿಕ್ಕಿದಳು. "ಎಲುಬು ಇಷ್ಟು ಬೆಳ್ಳಗ ಬರಂಗಿಲ್ಲಮ್ಮ. ಇದು ಲೋಹ. ನಾಯಿ ಏನರ ನುಂಗ್ಯದೇನು? ಡಬ್ಬಿ, ಗುಂಡು?"

"ನಮ್ಮನ್ಯಾಗ ಅಂಥಾದ್ದು ಯಾವುದೂ ಕಳದಿಲ್ರೀ."

"ನುಂಗಿದ್ರ ಆಪರೇಷನ್ ಮಾಡಬೇಕಾಗ್ತದ. ಇಷ್ಟು ದಪ್ಪ ನಾಯಿಗೆ ಮತ್ತಿನ ಔಷಧ ಕೊಡಾಕ ನನಗ ಧೈರ್ಯ ಇಲ್ಲ."

ಹಂಪಣ್ಣ ಶಿವನೇ ಎಂದು ರೂಢಿಯಂತೆ ಕೈಯನ್ನು ಎದೆಗೆ ಒಯ್ದ. ಅಂಗಿಯೊಳಗೆ ಇರಬೇಕಾದ ಬೆಳ್ಳಿಯ ಕರಡಿಗೆ, ಲಿಂಗವಿದ್ದ ಕರಡಿಗೆ, ಬಾಗಿದಾಗ ಏಪ್ರನ್ನಿನ ಕೊರಳಿನಿಂದ ಹೊರಬಿದ್ದು ಶಿವದಾರದಲ್ಲಿ ತೂಗುತ್ತಿತ್ತು. ಮೊಟ್ಟೆಯದೇ ಆಕಾರ.

"ಡಾಕ್ಟರಮ್ಮ, ಇದಿರಬಹುದೇನ್ರಿ?"

ಹರಿತಾ ಅದನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡಿದಳು. ನಗು ಬಂದರೂ ತಡೆದುಕೊಂಡಳು. "ಆಪರೇಷನ್ ನಿಮಗ ಮಾಡಬೇಕಿತ್ತು ಅಂಕಲ್. ತೆಗೆದಿಡ್ರಿ, ಇನ್ನೊಂದು ಫೋಟೋ ತೆಗಿಯೂಣು."

ಮೈಮೇಲಿನ ಲಿಂಗವನ್ನು ತೆಗೆದಿಡುವುದೆಂದರೇನು? ಹಂಪಣ್ಣ ಬಾಯಿ ಬಿಡುವ ಮೊದಲೇ ಬಸವೇಶ್ವರಿ ಅದನ್ನು ಅವನ ಬಗಲಲ್ಲಿ ಸೇರಿಸಿ, ಮೇಲಿಂದ ಏಪ್ರನ್ ಬಿಗಿದು, "ಉಸಿರು ಬಿಡಬ್ಯಾಡ್ರೀ" ಎಂದಳು.

ಎರಡನೆಯ ಚಿತ್ರದಲ್ಲಿ ಗುಂಡು ಇರಲಿಲ್ಲ. ಮರಿಗಳೂ ಇರಲಿಲ್ಲ. ಜಠರದ ಜಾಗದಲ್ಲಿ ಮಾತ್ರ ಬಿಳಿಯ ಚೂರುಗಳು ಚೆಲ್ಲಿಕೊಂಡಿದ್ದವು.

"ಹಂಗಾರ ಇವು ಮರೀ ಎಲುಬು" ಎಂದ ಹಂಪಣ್ಣ.

"ಮರಿ ಇದ್ರ ಬೆನ್ನೆಲುಬು ಮಣಿ ಪೋಣಿಸಿದಂಗ ಸಾಲಾಗಿ ಕಾಣ್ತಾವ, ತಲಿ ಎಣಿಸಬಹುದು. ಇದು ಸುಳ್ಳು ಬಸಿರು. ಮೈಯೇ ತಾ ಬಸುರಿ ಅಂತ ತಿಳಕೊಂಡು ಹಾಲು ತರ್ತದ, ಆಮ್ಯಾಲ ತಾನೇ ಇಳೀತದ. ಇವು ಕೋಳಿ ಕುತ್ತಿಗಿ ಎಲುಬು. ನಿನ್ನೆ ತಿಂದದ್ದು."

ಬಸವೇಶ್ವರಿ ಸೆರಗನ್ನು ಬಾಯಿಗೆ ಒತ್ತಿದಳು. "ಕೋಳೀನಾ? ನಮ್ಮ ಬಂಗಾರಿ ಉಳ್ಳಾಗಡ್ಡಿನೂ ಮುಟ್ಟಂಗಿಲ್ರೀ."

"ನಿಮ್ಮ ಮುಂದ ಮುಟ್ಟಂಗಿಲ್ಲ ಅಂತ ಕಾಣ್ತದ" ಎಂದಳು ಹರಿತಾ.

ಆಮೇಲೆ ಅವಳು ಮುಷ್ಟಿ ಹಿಡಿದು ತನ್ನ ಬೆರಳ ಗೆಣ್ಣುಗಳನ್ನು ಹಂಪಣ್ಣನಿಗೆ ಮುಟ್ಟಿಸಿದಳು: ಪಕ್ಕೆಲುಬು ಹೀಗೆ ಕೈಗೆ ಚುಚ್ಚಿದರೆ ನಾಯಿ ಬಡಕಲು. ಕೈ ಚಾಚಿ ಅಂಗೈಯ ಹಿಂಬದಿಯನ್ನು ಮುಟ್ಟಿಸಿದಳು: ಹೀಗಿದ್ದರೆ ಸರಿ. ಅಂಗೈಯನ್ನು ಮುಟ್ಟಿಸಿದಳು: ಹೀಗಾದರೆ ಬೊಜ್ಜು. "ಈಗ ನಿಮ್ಮ ನಾಯಿ ನೋಡ್ರಿ." ಹಂಪಣ್ಣ ಬಂಗಾರಿಯ ಪಕ್ಕೆಗೆ ಬೆರಳಿಟ್ಟು ಒತ್ತಿದ. ಹತ್ತಿಯ ಹಾಸಿಗೆಯಲ್ಲಿ ಬಿದ್ದ ಸೂಜಿಯನ್ನು ಹುಡುಕಿದಂತಾಯಿತು.

"ಪರದಿ ಮ್ಯಾಲಿನ ಈ ಬೂದಿ ಬಣ್ಣದ್ದೆಲ್ಲ ಕೊಬ್ಬು. ಎದಿಯೊಳಗ ಉಸಿರಿಗೆ ಜಾಗ ಉಳದಿಲ್ಲ. ಹೀಂಗೇ ಆದ್ರ ಬರೋ ಬ್ಯಾಸಿಗಿ ಕಾಣಂಗಿಲ್ಲ ಇದು. ದಿನಾ ಎಷ್ಟು ಹಾಕ್ತೀರಿ?"

"ನಾ ಉಣ್ಣೂಕಿಂತ ಮುಂಚೆ ಒಂದು ತುತ್ತು ಹಾಕ್ತೀನ್ರೀ, ಅಷ್ಟೆ" ಎಂದ ಹಂಪಣ್ಣ.

"ನಾನೂ ಒಂದ ತುತ್ತು. ತುಪ್ಪ ಹಚ್ಚಿ" ಎಂದಳು ಬಸವೇಶ್ವರಿ.

"ಓಣ್ಯಾಗಿನ ಎಲ್ಲಾರೂ ಒಂದೊಂದೇ ತುತ್ತು ಹಾಕ್ತಿರಬೇಕು" ಎಂದಳು ಹರಿತಾ. "ಅಳತಿ ನಾ ಹೇಳ್ತೀನಿ. ಅದನ್ನ ಬಿಟ್ಟು ಯಾರ ಕೈಯಿಂದಲೂ ಒಂದು ತುಣುಕು ಬ್ಯಾಡ. ಇದು ಬದುಕಬೇಕಂದ್ರ."

ವಾಪಸು ಹೊರಟ ಆಟೋ ಡ್ಯಾಮಿನ ಮೇಲೆ ಬಂದಾಗ ಹಂಪಣ್ಣ ಕೇಳಿದ, "ಹಣಿಗೆ ಅರಿಷಿಣ ನೀ ಹಚ್ಚಿದ್ದಲ್ಲ?"

"ನಾ ಯಾಕ ಹಚ್ಚಲಿ? ನೀವು ಹಚ್ಚೀರಿ ಅನಕೊಂಡಿದ್ದೆ."

ಇಬ್ಬರೂ ನಾಯಿಯ ಮುಖ ನೋಡಿದರು. ನಾಯಿ ನೀರಿನ ಕಡೆ ನೋಡುತ್ತಿತ್ತು.

ಆ ವಾರ ಬಂಗಾರಿಯನ್ನು ಕಂಬಕ್ಕೆ ಕಟ್ಟಿ ಅಳತೆಯ ಊಟ ಹಾಕಿದರು. ಹಂಪಣ್ಣ ತಾಟಿನ ಮುಂದೆ ಕೂತರೆ ಅದು ಕತ್ತು ಚಾಚಿ ಕುಂಯ್ ಎನ್ನುತ್ತಿತ್ತು. ಅವನು ಮುರಿದ ರೊಟ್ಟಿಯನ್ನು ತಾಟಿಗೇ ಹಾಕಿ ಏಳುತ್ತಿದ್ದ. ಅವನ ಅವ್ವ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದಗಳಲ್ಲಿ ಉಣ್ಣುವ ಮುನ್ನ ಇಕ್ಕಬೇಕೆಂಬ ಮಾತು ಕಲ್ಲು ತಿರುಗಿದಷ್ಟು ಸಲ ಬರುತ್ತಿತ್ತು. ಇಕ್ಕಬಾರದೆಂಬ ಪದ ಯಾವುದೂ ಇರಲಿಲ್ಲ. ಅವ್ವ ಕಲಿಸಿದ್ದೇ ಈ ಜೀವದ ಉಸಿರು ಕಟ್ಟಿಸಿತೇ, ಅಥವಾ ತಾನು ಕೇಳಿಸಿಕೊಂಡದ್ದರಲ್ಲೇ ತಪ್ಪಿತ್ತೇ? ಅಂಗಡಿಯಲ್ಲಿ ತೊಗರಿ ಅಳೆಯುವಾಗಲೂ ಇದೇ ಯೋಚನೆ. ಕೋಳಿ ಹಾಕಿದವರು ಯಾರೆಂಬುದು ಬೇರೆ ತಿಳಿಯಲಿಲ್ಲ.

ಐತವಾರ ಅದು ತಾನಾಗಿಯೇ ತಿಳಿಯಿತು. ಎದುರುಮನೆಯ ಸುಗುಣಮ್ಮ, ಮಗ್ಗ ಬಿಟ್ಟು ಬೀದಿಗೆ ಬರುವುದೇ ಅಪರೂಪವಾದವಳು, ಮುತ್ತುಗದ ಎಲೆಯಲ್ಲಿ ಅನ್ನ, ಕೋಳಿ, ಒಂದು ಚಿಟಿಕೆ ಅರಿಷಿಣ ಇಟ್ಟುಕೊಂಡು ಕಟ್ಟೆಯ ಮುಂದೆ ನಿಂತಳು. ಮುಖದಲ್ಲಿ ಮುಚ್ಚುಮರೆಯೇನೂ ಇರಲಿಲ್ಲ.

"ಬಂಗಾರಿನ ಯಾಕ ಕಟ್ಟೀರಿ ಅಣ್ಣಾ? ಕರದ್ರ ಬರಲಿಲ್ಲ."

"ಕೋಳಿ ಹಾಕಾಕಿ ನೀನೇನವಾ?" ಬಸವೇಶ್ವರಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಬಂದಳು. "ಜಂಗಮರು ಬಂದುಹೋಗೋ ಮನಿ ನಾಯಿ ಇದು."

"ನನಗ ಇದು ಮಲ್ಲಯ್ಯನ ನಾಯಿ ಅಕ್ಕಾ. ನಮ್ಮ ಹುಡುಗ ವಂಶಿ ಜ್ವರದಾಗ ಕಣ್ಣ ಬಿಡದಂಗ ಬಿದ್ದಿದ್ನಲ್ಲ, ಜ್ವರ ಇಳಿದದ್ದು ಐತವಾರ. ಬಾಗಿಲು ತೆಗದ್ರ ಹೊಸ್ತಿಲ ಮ್ಯಾಲ ಇದು ಕುಂತಿತ್ತು. ಮೈಲಾರ ಮಲ್ಲಯ್ಯನೇ ತನ್ನ ನಾಯೀನ ಕಾವಲಿಗೆ ಕಳಿಸ್ಯಾನ ಅಂತ ಹರಕಿ ಹೊತ್ತೆ. ಐತವಾರ ಮೊದಲ ತುತ್ತು ಇದರ ಬಾಯಿಗೆ ಬೀಳದ ನಮ್ಮನ್ಯಾಗ ಯಾರೂ ಉಣ್ಣಂಗಿಲ್ಲ."

"ಬ್ಯಾರೆ ನಾಯಿಗೆ ಹಾಕಬಾರದೇನು?"

"ಹೊಸ್ತಿಲಿಗೆ ಬಂದದ್ದು ಬ್ಯಾರೆ ನಾಯಿ ಅಲ್ಲಲ್ಲಕ್ಕಾ."

ಹಂಪಣ್ಣ ಗದ್ವಾಲದಲ್ಲಿ ಕಂಡದ್ದನ್ನೆಲ್ಲ ಹೇಳಿದ. ಸುಗುಣಮ್ಮ ತಲೆಯಾಡಿಸುತ್ತ ಕೇಳಿ, ಎಲೆಯನ್ನು ಇನ್ನಷ್ಟು ಮುಂದೆ ಚಾಚಿದಳು. "ಎಲುಬು ತೆಗೀತೀನಿ. ಕೋಳಿನೂ ಬ್ಯಾಡ. ಅನ್ನ, ಒಂದೇ ತುತ್ತು. ವಂಶಿ ಹಸಗೊಂಡು ಕುಂತಾನ ಅಣ್ಣಾ."

ಬಸವೇಶ್ವರಿಯ ಕೈ ಸೊಂಟದಿಂದ ಜಾರಿತು. "ಹರಕಿ ಅಂತಾಳಲ್ರೀ. ಒಂದು ತುತ್ತಿಗೆ ಏನಾಗ್ತೈತಿ? ಕೊಡಲಿ ಬಿಡ್ರೀ."

ಒಂದು ತುತ್ತು. ಗದ್ವಾಲದಲ್ಲಿ ತಾನೂ ಅಂದದ್ದು ಅದೇ, ಈಗ ಸುಗುಣಮ್ಮ ಅಂದದ್ದೂ ಅದೇ. ಎಲೆ ಹಿಡಿದು ಬಂದವರನ್ನು ಹಂಪಣ್ಣ ಹುಟ್ಟಿದಂದಿನಿಂದ ಹಾಗೇ ಹಿಂದಕ್ಕೆ ಕಳಿಸಿದವನಲ್ಲ. ಮಲ್ಲಯ್ಯ ಮುನಿದರೆ? ವಂಶಿಗೆ ಏನಾದರೂ ಆದರೆ? ಬಂಗಾರಿ ಬಾಲ ಬಡಿಯುತ್ತ ಎದ್ದು ನಿಲ್ಲಲು ನೋಡಿತು. ಆಗಲಿಲ್ಲ. ಮತ್ತೆ ಕುಸಿದು ತೇಕಿತು. ಅವನು ಬಾಗಿ ಅದರ ಪಕ್ಕೆಯ ಮೇಲೆ ಅಂಗೈಯಿಟ್ಟು ಎಲುಬಿಗಾಗಿ ತಡಕಿದ. ಸಿಗಲಿಲ್ಲ.

ಕೈಯನ್ನು ಅಲ್ಲಿಂದ ತೆಗೆಯದೆ ಹೇಳಿದ.

"ಇಲ್ಲ ಸುಗುಣಮ್ಮ. ಒಂದು ತುತ್ತೂ ಹಾಕಗೊಡಂಗಿಲ್ಲ."