ಮೂರನೆಯ ಬಾಟಲಿ

ಅಕ್ಕನ ಹೃದಯದೊಳಗೆ ಗಡ್ಡೆ ಇರುವುದು ಸ್ಕ್ಯಾನಿಂಗಿನಲ್ಲಿ ಕಂಡಿತ್ತು. ಅದರ ಚೂರೊಂದು ಮುರಿದು ಮಿದುಳಿಗೆ ಹೋದರೆ ಕಥೆ ಮುಗಿಯಿತು. ಅದು ಸೋಂಕಿನಿಂದ ಕಟ್ಟಿದ್ದೋ ಅಲ್ಲವೋ ಎಂದು ಹೇಳಬೇಕಾದದ್ದು ನಾನು ಟೆಕ್ನಿಷಿಯನ್ ಆಗಿರುವ ಆಸ್ಪತ್ರೆಯ ಲ್ಯಾಬು. ರಕ್ತದಲ್ಲಿ ರೋಗಾಣು ಬೆಳೆಯದಿದ್ದರೆ ಗುರುವಾರವೇ ಆಪರೇಷನ್. ಬೆಳೆದರೆ ಮೊದಲು ಆರು ವಾರ ಔಷಧಿ. ಆ ಆರು ವಾರ ಗಡ್ಡೆ ಸುಮ್ಮನಿರುತ್ತದೆಂದು ಯಾರು ಹೇಳಿಯಾರು?

ಸೋಮವಾರ ಮೂರು ಸಲ ರಕ್ತ ತೆಗೆದು ಮೂರು ಬಾಟಲಿಗೆ ಹಾಕಿ, ರೋಗಾಣು ಬೆಳೆದರೆ ಕೂಗುವ ಯಂತ್ರದೊಳಗೆ ಇಟ್ಟಿದ್ದೆವು. ಮೊದಲೆರಡು ನರ್ಸ್ ತೆಗೆದದ್ದು, ಮೂರನೆಯದು ನಾನು. ಬುಧವಾರ ಬೆಳಿಗ್ಗೆ ಯಂತ್ರ ಕೂಗಿತು. ಮೂರನೆಯ ಬಾಟಲಿಯಲ್ಲಿ ಏನೋ ಬೆಳೆದಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗೊಂಚಲು ಗೊಂಚಲಾಗಿ ನೇರಳೆ ಚುಕ್ಕೆಗಳು, ರೋಗಾಣುಗಳು. ಸರ್ಜನ್‌ಗೆ ಫೋನ್ ಮಾಡಿ ಹೇಳಿದೆ.

"ಹಾಗಾದ್ರೆ ನಾಳೆ ಆಪರೇಷನ್ ಬೇಡ," ಎಂದರು ಅವರು.

ಹದಿನೆಂಟು ವರ್ಷದಿಂದ ಇಲ್ಲಿ ನನ್ನದು ಒಂದೇ ರಾಗ: ಸ್ಪಿರಿಟ್ ಒರೆಸಿದ ಜಾಗವನ್ನು ಮತ್ತೆ ಮುಟ್ಟಬೇಡಿ, ಕೈಯ ರೋಗಾಣು ಸೂಜಿಯ ಜೊತೆ ಬಾಟಲಿಗೆ ಸೇರುತ್ತದೆ. ಮುಟ್ಟಿದವರಿಗೆ ಮುಖ ಮೂತಿ ನೋಡದೆ ಬೈದಿದ್ದೇನೆ. ಅಂಥ ನಾನು ಸೋಮವಾರ ಅಕ್ಕನ ಹೊದಿಕೆ ಸರಿಮಾಡಿದ ಅದೇ ಗ್ಲೌಸಿನಲ್ಲಿ, ಒರೆಸಿದ ಜಾಗವನ್ನು ಒತ್ತಿ ನರ ಹುಡುಕಿದ್ದೆ. ಎರಡು ಸಲ ಚುಚ್ಚಿಸಿಕೊಂಡವಳಿಗೆ ನರ ತಪ್ಪಿ ಇನ್ನಷ್ಟು ನೋವಾಗಬಾರದೆಂದು.

"ಸರ್, ಅದು ನನ್ನ ಕೈಯಿಂದ ಸೇರಿರಬಹುದು. ಒರೆಸಿದ ಮೇಲೆ ಮುಟ್ಟಿದ್ದೆ."

"ನೀವಾ? ಬರೆದು ಸಹಿ ಹಾಕಿ ಕೊಡಿ. ಉಳಿದೆರಡು ನಾಳೆ ಬೆಳಿಗ್ಗೆವರೆಗೂ ಸುಮ್ನಿದ್ರೆ ನೋಡೋಣ."

ಬರೆದುಕೊಟ್ಟೆ. ನನ್ನಿಂದ ಬೈಸಿಕೊಂಡ ಲ್ಯಾಬಿನ ಕಿರಿಯರೆಲ್ಲ ಓದಿದರು. ಮಾನ ಹೋದದ್ದಕ್ಕಿಂತ ಬೇರೆಯದೇ ಭಯ ನನಗೆ. ಅದು ನಿಜವಾಗಿಯೂ ಅಕ್ಕನ ರಕ್ತದ ರೋಗಾಣುವೇ ಆಗಿದ್ದರೆ? ನನ್ನ ಸಹಿ ನಂಬಿ ಎದೆ ಸೀಳಿದರೆ? ಗಳಿಗೆಗೊಮ್ಮೆ ಯಂತ್ರದ ಮುಂದೆ ಹೋಗಿ ನಿಂತೆ.

ಎರಡೂ ಬಾಟಲಿ ಸುಮ್ಮನಿದ್ದವು. ಗುರುವಾರ ಗಡ್ಡೆ ತೆಗೆದರು. ಅದು ಡಬ್ಬಿಯಲ್ಲಿ ನಮ್ಮ ಲ್ಯಾಬಿಗೇ ಬಂತು. ನಾಲ್ಕು ದಿನ ಬಿಟ್ಟು ಪೆಥಾಲಜಿಸ್ಟ್ ಮೇಡಂ ಕರೆದು, "ಕ್ಯಾನ್ಸರ್ ಅಲ್ಲ, ಸೋಂಕೂ ಇಲ್ಲ. ಹೋಗಿ ಅಕ್ಕಂಗೆ ಹೇಳು," ಎಂದರು.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ನನ್ನ ಬೆರಳಿನ ವಿಷಯವನ್ನೂ.

"ನಂಗೆ ನೋವಾಗ್ಬಾರ್ದು ಅಂತ ತಾನೇ ಮುಟ್ಟಿದ್ದು?"

"ಹೂಂ."

"ಆದ್ರೂ ನೋವಾಯ್ತು ಕಣೆ," ಎಂದು ಅಕ್ಕ ನನ್ನ ಕೈ ಹಿಡಿದುಕೊಂಡಳು.