ಅತ್ತೆಯ ದನಿಯಲ್ಲೊಂದು ನವ್ಯಪದ್ಯ

ನಮ್ಮಕ್ಕನ ಪಿಎಚ್.ಡಿ. ವಿಷಯ ನವ್ಯಕಾವ್ಯದಲ್ಲಿ ಪಶ್ಚಾತ್ತಾಪ ಮತ್ತು ವ್ಯರ್ಥವಾದ ಕಾಲ. ಬೇಕಾದಷ್ಟು ಕಾಲ ವ್ಯರ್ಥ ಮಾಡಿ, ವಿಷಯಕ್ಕೆ ಪೂರ್ತಿ ನ್ಯಾಯ ಒದಗಿಸಿದ ಮೇಲೆಯೇ ಅವಳು ಪ್ರಬಂಧ ಮುಗಿಸಿದ್ದು. ವಾದ ಇಷ್ಟೇ: ಹೋದ ಕಾಲಕ್ಕೆ ಗೋಳಾಡುವ ಈ ಕವಿಗಳು ಅಳುತ್ತಿಲ್ಲ, ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದಾರೆ.

ಅವಳ ಮಾರ್ಗದರ್ಶಕರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. "ನವ್ಯ ಅಂದ್ರೆ ನೋವಮ್ಮಾ, ನೋವು," ಅನ್ನುವವರು. ಪದ್ಯ ಓದುವಾಗ ಸಾಲಿಗೊಂದು ನಿಟ್ಟುಸಿರು ಬಿಡುತ್ತಿದ್ದದ್ದರಿಂದ ಹುಡುಗರ ಬಾಯಲ್ಲಿ ಅವರು ನಿಟ್ಟುಸಿರು ಮೇಷ್ಟ್ರು. "ಸಹಿ ಹಾಕ್ತೀನಿ. ಮೌಖಿಕ ಪರೀಕ್ಷೇಲಿ ನೀನುಂಟು, ನಿನ್ನ ನಗು ಉಂಟು," ಅಂದಿದ್ದರು. ಅಲ್ಲಿ ವಾದ ಗಟ್ಟಿಯಾಗಿ ನಿಲ್ಲದಿದ್ದರೆ ಇಡೀ ಪ್ರಬಂಧ ಮತ್ತೆ ಬರೆಯಬೇಕು.

ಅಕ್ಕನಿಗೊಂದು ಚಟ. ಯಾವ ಪದ್ಯವೂ ಯಾರದಾದರೂ ದನಿ ಹಾಕಿ ಹೇಳದೆ ಅವಳ ಬಾಯಿಗೆ ಹತ್ತುವುದಿಲ್ಲ. ಪಾತ್ರೆ ತೊಳೆಯುತ್ತ ಒಂದು ಪದ್ಯ ಬಸ್ ಕಂಡಕ್ಟರಾಗಿ, ಬಟ್ಟೆ ಮಡಚುತ್ತ ಇನ್ನೊಂದು ಹಲ್ಲಿನ ಡಾಕ್ಟರಾಗಿ. ಕಾವ್ಯಕ್ಕೆ ಓದುಗರಿಲ್ಲ ಅನ್ನುವವರು ನಮ್ಮ ಅಡುಗೆಮನೆಗೆ ಬರಬೇಕಿತ್ತು.

ಪರೀಕ್ಷೆಯ ದಿನ ಸಭಿಕರೆಂದರೆ ನಾನು ಮತ್ತು ನಮ್ಮನ್ನು ಸಾಕಿದ ಸೋದರತ್ತೆ. ಅತ್ತೆ ಹಿಂದಿನ ಬೆಂಚಿನಲ್ಲಿ ಮದುವೆಗೆ ಬಂದವರ ಹಾಗೆ ಕೂತಿದ್ದರು. ಮೇಷ್ಟ್ರ ಪಕ್ಕದಲ್ಲಿ ಕೂತಿದ್ದ, ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುಗಿಸಿ, "ವಾದ ಚೆನ್ನಾಗಿದೆ, ನಂಬಿಕೆ ಬರ್ತಿಲ್ಲ. ಈ ಪದ್ಯ ಓದಿ. ನಗು ಎಲ್ಲಿದೆ, ತೋರಿಸಿ," ಅಂದರು.

ಅಕ್ಕ ಪದ್ಯದ ಪುಟ ತೆರೆದಳು. ಬಾಯಿ ಚಟಕ್ಕೆ ಬಿತ್ತು. ಹೊರಗೆ ಬಂದದ್ದು ಮೇಷ್ಟ್ರ ದನಿ.

"ಹೋದಿರಾ, ಮಧ್ಯಾಹ್ನಗಳೇ... ಹ್ಹೂಂ.
ನಿಮ್ಮನ್ನೆಲ್ಲ ಕೂತೇ ಕಳೆದೆ... ಹ್ಹೂಂ.
ಕುರ್ಚಿಯಾದರೂ ಸವೆಯಬಾರದಿತ್ತೇ... ಹ್ಹೂಂ."

ಮೇಷ್ಟ್ರು ಮೆಲ್ಲಗೆ ಕೇಳಿದರು, "ಇದು... ನಾನಾ?"

ನಾನು ಬೆಂಚಿನ ಕೆಳಗೆ ಜಾಗ ಹುಡುಕಿದೆ. ಪರೀಕ್ಷಕರಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತ್ತು. ಕೆಮ್ಮಿ ಸುಧಾರಿಸಿಕೊಂಡು, "ಇವರ ದನೀಲಿ ಇದು ಶೋಕವೇ. ಇನ್ಯಾರ ದನಿ ಇದೆ ನಿಮ್ಮ ಹತ್ರ?" ಅಂದರು.

ಅಕ್ಕ ಹಿಂದಿನ ಬೆಂಚು ನೋಡಿದಳು. "ಅತ್ತೆ, ಬೈಬೇಡ," ಅಂದವಳೇ ಸೊಂಟದ ಮೇಲೆ ಕೈಯಿಟ್ಟಳು. ಅದೇ ಸಾಲು, ಅದೇ ಪದ, ದನಿ ಅತ್ತೆಯದು. ಆದರೆ ಈ ಸಲ ಮಧ್ಯಾಹ್ನಗಳು ಹೇಳದೆ ಕೇಳದೆ ಊಟ ಬಿಟ್ಟು ಆಡಲು ಓಡಿದ ಮಕ್ಕಳಾಗಿದ್ದವು. "ಕುರ್ಚಿಯಾದರೂ" ಎಂದು ಬೆರಳು ತೋರಿಸಿದ ಏಟಿಗೆ, ಪರೀಕ್ಷಕರು ತಮ್ಮ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಎದ್ದವರು ನಗುತ್ತ ಕೂತರು.

"ಅಯ್ಯೋ, ಇದನ್ನ ಕುರ್ಚಿ ಬಿಟ್ಟೇಳದ ನಿಮ್ಮ ಮಾವನಿಗೆ ನಾನು ದಿನಾ ಹೇಳ್ತೀನಲ್ಲೇ!" ಅತ್ತೆ ಕೂಗಿದರು. "ಬರೆದೋನು ಯಾರೇ? ನಮ್ಮನೆ ಕಿಟಕೀಲಿ ಕೂತಿದ್ನಾ?"

ಮೇಷ್ಟ್ರು ನಗಲಿಲ್ಲ. ಪ್ರಬಂಧ ಎಳೆದುಕೊಂಡು, ತುಟಿಯಲ್ಲೇ ಪದ್ಯ ಓದಿಕೊಂಡರು. "ಅಲ್ಲಮ್ಮಾ, ಇಷ್ಟು ವರ್ಷ ಇದನ್ನ ಅತ್ತು ಅತ್ತು ಪಾಠ ಮಾಡಿದೆನಲ್ಲ. ಎಷ್ಟು ಕ್ಲಾಸು ಹಾಳು ಮಾಡಿದೆ!" ಎಂದು ದೊಡ್ಡದೊಂದು ನಿಟ್ಟುಸಿರು ಎಳೆದರು. ಅದು ಅರ್ಧದಲ್ಲಿ ಹಳೇ ಸ್ಕೂಟರಿನಂತೆ ಗುಡುಗುಟ್ಟಿ, ನಗುವಾಗಿ ಹೊರಬಿತ್ತು. ಪರೀಕ್ಷಕರು ಆ ನಗುವಿಗೇ ಕಾದಿದ್ದವರಂತೆ 'ಅಂಗೀಕರಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು.

ಮೇಷ್ಟ್ರಿಗೆ ಅದರ ಪರಿವೆಯೇ ಇರಲಿಲ್ಲ. ಹಿಂದಿನ ಬೆಂಚಿಗೆ ಬಂದು, "ಅಮ್ಮಾ, ನಾಳೆ ಬೆಳಿಗ್ಗೆ ಮೊದಲ ಕ್ಲಾಸಿಗೇ ಇದೇ ಪದ್ಯ. ಆ ಕುರ್ಚಿ ಸಾಲು ಹೇಗೆ ಹೇಳೋದು?" ಅಂದರು.

ಅತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಮೊದಲು ಕೈ ಸೊಂಟದ ಮೇಲಿಡಿ. ಹಾಗಲ್ಲ. ಸಿಟ್ಟು ಬರಬೇಕು, ಆದರೆ ಪ್ರೀತಿ ಇರೋರ ಮೇಲೆ ಬರೋ ಸಿಟ್ಟು."

ಮೇಷ್ಟ್ರು ಇನ್ನೊಂದು ಕೈಯನ್ನೂ ಸೊಂಟಕ್ಕಿಟ್ಟು, ಕಿಟಕಿಯಾಚೆ ಇಳಿಯುತ್ತಿದ್ದ ಮಧ್ಯಾಹ್ನವನ್ನು ಜೋರಾಗಿ ಗದರಿಸಿದರು.